ಮೊದಲ ದಿನದ ಸಿಡಿ4 ಕೌಂಟ್: ಕೈಬಿಡಬಾರದ ರಕ್ತಪರೀಕ್ಷೆ

ಎಚ್‌ಐವಿ ಇದೆ ಎಂದು ಗೊತ್ತಾದ ಮೇಲೆ ಮಾತ್ರೆ ಶುರು ಮಾಡಲು ಈಗ ಯಾವ ಕೌಂಟ್‌ಗೂ ಕಾಯಬೇಕಿಲ್ಲ. ಸೋಂಕು ಖಚಿತವಾದರೆ ಸಾಕು, ಸಿಡಿ4 (ರಕ್ತದಲ್ಲಿರುವ ಒಂದು ಬಗೆಯ ರಕ್ಷಣಾ ಕಣಗಳ ಎಣಿಕೆ) ಎಷ್ಟೇ ಇರಲಿ ಚಿಕಿತ್ಸೆ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೀಗೆ ಹೇಳಿತು, ಭಾರತ 2017ರಲ್ಲಿ ಒಪ್ಪಿಕೊಂಡಿತು. ತುಂಬ ಒಳ್ಳೆಯ ನಿರ್ಧಾರ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಹುಟ್ಟಿಕೊಂಡಿತು: ‘ಹೇಗಿದ್ದರೂ ಎಲ್ಲರಿಗೂ ಮಾತ್ರೆ ಕೊಡ್ತೀವಿ, ಆಮೇಲೆ ವೈರಲ್ ಲೋಡ್ ನೋಡ್ತೀವಿ. ಇನ್ನು ಸಿಡಿ4 ಯಾಕೆ?’ ಹಲವು ದೇಶಗಳಲ್ಲಿ ಇದೇ ಲೆಕ್ಕಾಚಾರದಿಂದ ಈ ಪರೀಕ್ಷೆ ಹಿಂದಕ್ಕೆ ಸರಿಯಿತು. ಹಣವೆಲ್ಲ ವೈರಲ್ ಲೋಡ್, ಅಂದರೆ ರಕ್ತದಲ್ಲಿ ಎಷ್ಟು ವೈರಸ್ ಇದೆ ಎಂದು ಅಳೆಯುವ ಪರೀಕ್ಷೆಯ ಕಡೆ ಹರಿಯಿತು.

ಈ ಲೆಕ್ಕಾಚಾರ ಅರ್ಧ ಸರಿ, ಅರ್ಧ ತಪ್ಪು. ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ವೈರಲ್ ಲೋಡ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎದುರಿಗೆ ಕೂತ ಮನುಷ್ಯ ಇವತ್ತು ಎಷ್ಟು ಅಪಾಯದಲ್ಲಿದ್ದಾನೆ, ಮುಂದಿನ ಎರಡು ಮೂರು ತಿಂಗಳಲ್ಲಿ ಅವನನ್ನು ಯಾವ ಕಾಯಿಲೆ ಕೊಲ್ಲಬಹುದು, ಅದನ್ನು ತಡೆಯಲು ಈಗಲೇ ಏನು ಮಾಡಬೇಕು? ಇದಕ್ಕೆ ವೈರಲ್ ಲೋಡ್ ಹತ್ತಿರ ಉತ್ತರವಿಲ್ಲ. ಸಿಡಿ4 ಹತ್ತಿರ ಇದೆ. ಅದಕ್ಕೇ ಈ ಪರೀಕ್ಷೆಯನ್ನು ಯಾವಾಗ ಮಾಡಿಸಬೇಕು, ಬಂದ ಸಂಖ್ಯೆಯನ್ನು ಹೇಗೆ ಓದಬೇಕು, ಯಾವಾಗ ಅದನ್ನು ಮರೆತುಬಿಡಬಹುದು ಎನ್ನುವುದು ಎಚ್‌ಐವಿ ಜೊತೆ ಬದುಕುವವರಿಗೂ ಅವರ ಮನೆಯವರಿಗೂ ಗೊತ್ತಿರಬೇಕು.

ಒಂದು ಟ್ಯೂಬ್ ರಕ್ತದಲ್ಲಿ ಎಣಿಸುವುದು ಏನನ್ನು?

ನಮ್ಮ ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಎಂಬ ಒಂದು ಬಗೆ ಇದೆ. ಅದರಲ್ಲೇ ಟಿ ಕಣಗಳು ಎಂಬ ಗುಂಪಿದೆ. ಕೆಲವು ಟಿ ಕಣಗಳ ಮೈಮೇಲೆ ಸಿಡಿ4 ಎಂಬ ಪ್ರೋಟೀನ್ ಇರುತ್ತದೆ. ದೇಹಕ್ಕೆ ರೋಗಾಣು ಹೊಕ್ಕಾಗ ಉಳಿದ ರಕ್ಷಣಾ ಕಣಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವವು ಇವೇ. ಎಚ್‌ಐವಿ ಒಳಗೆ ನುಗ್ಗಲು ಹಿಡಿಯುವ ಬಾಗಿಲೂ ಇದೇ ಸಿಡಿ4. 1984ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್‌ನ ಎರಡು ತಂಡಗಳು ಇದನ್ನು ಬೇರೆ ಬೇರೆಯಾಗಿ ಕಂಡುಕೊಂಡವು.

ಆದರೆ ವೈರಸ್ಸೇ ಗೊತ್ತಿಲ್ಲದ ಕಾಲದಲ್ಲೂ ಈ ಕಣಗಳ ಕೊರತೆ ಕಣ್ಣಿಗೆ ಬಿದ್ದಿತ್ತು. 1981ರಲ್ಲಿ ಲಾಸ್ ಏಂಜಲೀಸ್‌ನ ವೈದ್ಯ ಮೈಕೆಲ್ ಗಾಟ್ಲೀಬ್ ಮತ್ತು ಜೊತೆಗಾರರು ಐವರು ಯುವಕರಲ್ಲಿ ಅಪರೂಪದ ನ್ಯುಮೋನಿಯಾ ಕಂಡು ವರದಿ ಮಾಡಿದರು. ಆ ವರದಿ ಜೂನ್ 5ರಂದು ಪ್ರಕಟವಾಯಿತು. ಏಡ್ಸ್‌ನ ಇತಿಹಾಸ ಶುರುವಾಗುವುದೇ ಅಲ್ಲಿಂದ. ಟಿ ಕಣಗಳ ಬಗೆಗಳನ್ನು ಬೇರ್ಪಡಿಸಿ ಗುರುತಿಸುವ ಹೊಸ ಆ್ಯಂಟಿಬಾಡಿಗಳು ಆಗಷ್ಟೇ ಲ್ಯಾಬ್‌ಗಳಿಗೆ ಬಂದಿದ್ದವು. ಅವನ್ನು ಬಳಸಿ ನೋಡಿದಾಗ ಇಂಥ ರೋಗಿಗಳ ರಕ್ತದಲ್ಲಿ ಸಹಾಯಕ ಟಿ ಕಣಗಳು, ಅಂದರೆ ಇದೇ ಸಿಡಿ4 ಕಣಗಳು, ಹೆಚ್ಚುಕಮ್ಮಿ ಮಾಯವಾಗಿದ್ದವು. ಕಾರಣ ಯಾರಿಗೂ ತಿಳಿದಿರಲಿಲ್ಲ, ಹಾನಿ ಮಾತ್ರ ಎಣಿಕೆಗೆ ಸಿಕ್ಕಿತ್ತು.

ಇವತ್ತಿಗೂ ಎಣಿಸುವ ಮೂಲ ವಿಧಾನ ಅದೇ. ತೋಳಿನಿಂದ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ನೇರಳೆ ಮುಚ್ಚಳದ ಟ್ಯೂಬಿಗೆ ತುಂಬುತ್ತಾರೆ. ಊಟ ಬಿಟ್ಟು ಬರಬೇಕಿಲ್ಲ. ಈ ಟ್ಯೂಬನ್ನು ಫ್ರಿಜ್‌ನಲ್ಲಿ ಇಡಬಾರದು, ಬಿಸಿಲಿಗೂ ಇಡಬಾರದು. ಕೋಣೆಯ ಹದದಲ್ಲೇ ಇರಬೇಕು. ಸಾಮಾನ್ಯವಾಗಿ 48 ಗಂಟೆಯೊಳಗೆ ಎಣಿಕೆ ಮುಗಿಯಬೇಕು. ಕಣಗಳು ಜೀವಂತವಾಗಿ, ಆಕಾರ ಕೆಡದೆ ಇದ್ದರೆ ಮಾತ್ರ ಲೆಕ್ಕ ಸರಿ ಬರುತ್ತದೆ. ದೂರದ ತಾಲ್ಲೂಕಿನಿಂದ ಬಸ್ಸಿನಲ್ಲಿ ಬರುವ ಸ್ಯಾಂಪಲ್ ದಾರಿಯಲ್ಲೇ ಕೆಟ್ಟರೆ ರೋಗಿ ಮತ್ತೊಮ್ಮೆ ರಕ್ತ ಕೊಡಲು ಬರಬೇಕಾಗುತ್ತದೆ. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಇದು ಸಣ್ಣ ವಿಷಯವಲ್ಲ.

ಲ್ಯಾಬ್‌ನಲ್ಲಿ ಆ ರಕ್ತಕ್ಕೆ ಎರಡು ಬಗೆಯ ಆ್ಯಂಟಿಬಾಡಿ ಸೇರಿಸುತ್ತಾರೆ. ಒಂದು ಎಲ್ಲ ಟಿ ಕಣಗಳ ಮೇಲಿರುವ ಸಿಡಿ3ಗೆ ಅಂಟುತ್ತದೆ, ಇನ್ನೊಂದು ಸಿಡಿ4ಗೆ. ಎರಡಕ್ಕೂ ಬೇರೆ ಬೇರೆ ಬಣ್ಣದಲ್ಲಿ ಹೊಳೆಯುವ ರಾಸಾಯನಿಕ ಕಟ್ಟಿರುತ್ತಾರೆ. ಆಮೇಲೆ ಫ್ಲೋ ಸೈಟೋಮೀಟರ್ ಎಂಬ ಯಂತ್ರ ಕಣಗಳನ್ನು ಒಂದರ ಹಿಂದೆ ಒಂದರಂತೆ ಸಾಲಾಗಿ ಲೇಸರ್ ಬೆಳಕಿನ ಮುಂದೆ ಹರಿಸುತ್ತದೆ. ಎರಡೂ ಬಣ್ಣ ಹೊಳೆದರೆ ಅದು ಸಿಡಿ4 ಟಿ ಕಣ, ಲೆಕ್ಕಕ್ಕೆ ಸೇರಿತು. ಎರಡೂ ಬೇಕು, ಯಾಕೆಂದರೆ ಮಾನೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕಣದ ಮೇಲೂ ಸ್ವಲ್ಪ ಸಿಡಿ4 ಇರುತ್ತದೆ. ಅದು ಟಿ ಕಣ ಅಲ್ಲ, ಎಣಿಕೆಗೆ ಸೇರಬಾರದು.

ಆದರೆ ಎಷ್ಟು ರಕ್ತದಲ್ಲಿ ಇಷ್ಟು ಕಣ ಸಿಕ್ಕಿತು ಎಂದು ಗೊತ್ತಾಗುವುದು ಹೇಗೆ? ಇದಕ್ಕೊಂದು ಜಾಣ ಉಪಾಯ ಇದೆ. ಟ್ಯೂಬಿನಲ್ಲಿ ಮೊದಲೇ ಲೆಕ್ಕ ಗೊತ್ತಿರುವ ಪುಟ್ಟ ಮಣಿಗಳನ್ನು ಹಾಕಿಡುತ್ತಾರೆ. ಉದಾಹರಣೆಗೆ ಟ್ಯೂಬಿನಲ್ಲಿ 50,000 ಮಣಿಗಳಿವೆ, ಅದಕ್ಕೆ 50 ಮೈಕ್ರೋಲೀಟರ್ ರಕ್ತ ಹಾಕಿದ್ದಾರೆ ಎಂದುಕೊಳ್ಳಿ. ಅಂದರೆ ಒಂದು ಮೈಕ್ರೋಲೀಟರ್‌ಗೆ 1,000 ಮಣಿ. ಯಂತ್ರ 10,000 ಮಣಿ ಎಣಿಸುವಷ್ಟರಲ್ಲಿ 4,200 ಸಿಡಿ4 ಕಣ ಸಿಕ್ಕಿದರೆ ಕೌಂಟ್ 420. ಒಂದು ಮೈಕ್ರೋಲೀಟರ್ ಅಂದರೆ ಒಂದು ಘನ ಮಿಲಿಮೀಟರ್, ಸಾಸಿವೆ ಕಾಳಿಗಿಂತಲೂ ಚಿಕ್ಕ ಹನಿ. ಮಣಿ ಹಾಕಿ ಕಲಸುವಾಗ, ರಕ್ತ ಅಳೆಯುವಾಗ ಟೆಕ್ನಿಷಿಯನ್ ಕೈ ಸ್ವಲ್ಪ ತಪ್ಪಿದರೂ ಉತ್ತರ ಬದಲಾಗುತ್ತದೆ. ಪಿಪೆಟ್ ಹಿಡಿಯುವ ಆ ಕೈಗೆ ನಾವು ಕೊಡಬೇಕಾದಷ್ಟು ಬೆಲೆ ಕೊಡುತ್ತಿಲ್ಲ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

420 ಇದ್ದದ್ದು 336 ಆದರೆ

ಎಆರ್‌ಟಿ (ಎಚ್‌ಐವಿ ಮಾತ್ರೆಗಳ ಚಿಕಿತ್ಸೆ) ಸೆಂಟರ್‌ಗಳಲ್ಲಿ ಜನ ತಮ್ಮ ಕೌಂಟನ್ನು ಪರೀಕ್ಷೆಯ ಅಂಕದ ಹಾಗೆ ನೋಡುತ್ತಾರೆ. ‘ಹೋದ ಸಲ 420 ಇತ್ತು ಮೇಡಂ, ಈಗ 336 ಅಂತಿದೆ, ನಾನೇನು ತಪ್ಪು ಮಾಡಿದೆ?’ ಈ ಪ್ರಶ್ನೆಯ ಹಿಂದೆ ನಿದ್ದೆಯಿಲ್ಲದ ರಾತ್ರಿಗಳಿರುತ್ತವೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಎಚ್‌ಐವಿ ಇಲ್ಲದ ಆರೋಗ್ಯವಂತ ದೊಡ್ಡವರಲ್ಲಿ ಸಿಡಿ4 ಸುಮಾರು 500ರಿಂದ 1,500ರ ನಡುವೆ ಇರುತ್ತದೆ. ವ್ಯಾಪ್ತಿ ಎಷ್ಟು ದೊಡ್ಡದು ನೋಡಿ. ಒಬ್ಬರ 600 ಇನ್ನೊಬ್ಬರ 1,200ಕ್ಕಿಂತ ಕೆಟ್ಟದ್ದು ಎಂದು ಹೇಳಲು ಬರುವುದಿಲ್ಲ. ಅದೇ ಮನುಷ್ಯನಲ್ಲೂ ಬೆಳಿಗ್ಗೆ ಕಡಿಮೆ, ಸಂಜೆ ಜಾಸ್ತಿ. ಜ್ವರ ಬಂದರೆ ಇಳಿಯುತ್ತದೆ. ಸ್ಟೀರಾಯ್ಡ್ ತೆಗೆದುಕೊಂಡರೆ ಇಳಿಯುತ್ತದೆ. ಗರ್ಭಿಣಿಯರಲ್ಲಿ ರಕ್ತದ ನೀರಿನಂಶ ಹೆಚ್ಚುವುದರಿಂದ ಸಂಖ್ಯೆ ಇಳಿದಂತೆ ಕಾಣುತ್ತದೆ. ಹೀಗಾಗಿ ಎರಡು ರಿಪೋರ್ಟ್‌ಗಳ ನಡುವೆ ಸುಮಾರು ಶೇ 30ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಮಾತ್ರ ಅದನ್ನು ನಿಜವಾದ ಬದಲಾವಣೆ ಎಂದು ವೈದ್ಯರು ಎಣಿಸುತ್ತಾರೆ. 420ರಿಂದ 336ಕ್ಕೆ ಇಳಿದರೆ ಶೇ 20.

ಇನ್ನೊಂದು ಕಡೆಯಿಂದಲೂ ನೋಡಬಹುದು. ರಿಪೋರ್ಟ್‌ನಲ್ಲಿ ಸಿಡಿ4 ಶೇಕಡಾವಾರು ಎಂಬ ಇನ್ನೊಂದು ಸಾಲು ಇರುತ್ತದೆ. ಒಟ್ಟು ಲಿಂಫೋಸೈಟ್‌ಗಳಲ್ಲಿ ಸಿಡಿ4 ಕಣಗಳ ಪಾಲು ಎಷ್ಟು ಎಂಬುದು ಅದು. ಮೊದಲ ಸಲ ಲಿಂಫೋಸೈಟ್ 1,750 ಇತ್ತು, ಅದರಲ್ಲಿ ಶೇ 24 ಅಂದರೆ 420. ಎರಡನೇ ಸಲ ಶೀತ ಜ್ವರದಿಂದ ಎದ್ದು ಬಂದ ವಾರ ಲಿಂಫೋಸೈಟ್ 1,400 ಇತ್ತು, ಅದರಲ್ಲೂ ಶೇ 24 ಅಂದರೆ 336. ಪಾಲು ಒಂದಿಷ್ಟೂ ಬದಲಾಗಿಲ್ಲ. ಎಚ್‌ಐವಿ ಅಲ್ಲಿ ಏನೂ ಮಾಡಿಲ್ಲ. ವೈರಲ್ ಲೋಡ್ ಹತೋಟಿಯಲ್ಲಿದ್ದರೆ ಈ ರಿಪೋರ್ಟ್ ಇಟ್ಟುಕೊಂಡು ಕೊರಗಬೇಕಿಲ್ಲ.

ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಶೇಕಡಾ ಲೆಕ್ಕವೇ ಮುಖ್ಯ. ಪುಟ್ಟ ಮಕ್ಕಳ ಸಹಜ ಕೌಂಟ್ ದೊಡ್ಡವರಿಗಿಂತ ಎಷ್ಟೋ ಜಾಸ್ತಿ ಇರುತ್ತದೆ, ಬೆಳೆದಂತೆ ತಾನಾಗಿ ಇಳಿಯುತ್ತದೆ. ದೊಡ್ಡವರ ಅಳತೆಗೋಲು ಹಿಡಿದು ಮಗುವಿನ 700ನ್ನು ‘ಪರವಾಗಿಲ್ಲ’ ಎಂದುಕೊಂಡರೆ ಪ್ರಮಾದವಾದೀತು.

ಸಿಡಿ4 ಪರೀಕ್ಷೆಯಿಂದ ಎಚ್‌ಐವಿ ಇದೆಯೋ ಇಲ್ಲವೋ ಎಂದು ಹೇಳಲು ಬರುವುದಿಲ್ಲ, ಇದನ್ನೂ ಇಲ್ಲೇ ಹೇಳಿಬಿಡಬೇಕು. ಕ್ಷಯ ಇರುವವರಲ್ಲಿ, ಗಂಭೀರ ಕಾಯಿಲೆ ಬಿದ್ದವರಲ್ಲಿ ಎಚ್‌ಐವಿ ಇಲ್ಲದೆಯೂ ಕೌಂಟ್ ಇಳಿಯುತ್ತದೆ. ಕೌಂಟ್ ಚೆನ್ನಾಗಿದೆ ಎಂದ ಮಾತ್ರಕ್ಕೆ ಸೋಂಕು ಇಲ್ಲ ಎಂದೂ ಅಲ್ಲ. ಸೋಂಕು ಪತ್ತೆಗೆ ಬೇರೆಯೇ ಪರೀಕ್ಷೆಗಳಿವೆ, ಐಸಿಟಿಸಿ ಎಂಬ ಸರ್ಕಾರಿ ಪರೀಕ್ಷಾ ಕೇಂದ್ರಗಳಲ್ಲಿ ಉಚಿತವಾಗಿ ಆಗುತ್ತವೆ.

ಸಂಖ್ಯೆ ಏರಿಸುವುದೇ ಗುರಿಯಲ್ಲ

ಈ ಅಂಕದ ಮೋಹದಿಂದ ಎರಡು ದೊಡ್ಡ ಅನಾಹುತ ಆಗುತ್ತವೆ. ಒಂದು, ‘ಕೌಂಟ್ ಹೆಚ್ಚಿಸುವ’ ಪುಡಿ, ಕಷಾಯ, ಟಾನಿಕ್‌ಗಳಿಗೆ ಜನ ಸಾಲ ಮಾಡಿ ದುಡ್ಡು ಸುರಿಯುವುದು. ಎರಡು, ಕೌಂಟ್ ಚೆನ್ನಾಗಿ ಬಂತು ಎಂದು ಮಾತ್ರೆ ಬಿಡುವುದು. ಎರಡಕ್ಕೂ ದೊಡ್ಡ ಅಧ್ಯಯನಗಳ ಉತ್ತರ ಇದೆ.

ಇಂಟರ್‌ಲ್ಯೂಕಿನ್-2 ಎಂಬ ಔಷಧಿ ಕೊಟ್ಟರೆ ಸಿಡಿ4 ನಿಜವಾಗಿಯೂ ಏರುತ್ತದೆ. ಎಸ್‌ಪ್ರಿಟ್ ಮತ್ತು ಸಿಲ್‌ಕ್ಯಾಟ್ ಎಂಬ ಎರಡು ಅಂತರರಾಷ್ಟ್ರೀಯ ಅಧ್ಯಯನಗಳಲ್ಲಿ 5,800 ಜನರ ಮೇಲೆ ಇದನ್ನು ಪರೀಕ್ಷಿಸಿದರು. ಕೆಲವರಿಗೆ ಎಚ್‌ಐವಿ ಮಾತ್ರೆ ಮಾತ್ರ, ಕೆಲವರಿಗೆ ಮಾತ್ರೆಯ ಜೊತೆ ಈ ಔಷಧಿ. 2009ರಲ್ಲಿ ಫಲಿತಾಂಶ ಬಂತು. ಔಷಧಿ ಪಡೆದವರ ಕೌಂಟ್ ಏರಿತ್ತು, ಆದರೆ ಕಾಯಿಲೆಯೂ ಕಡಿಮೆಯಾಗಿರಲಿಲ್ಲ, ಸಾವೂ ಕಡಿಮೆಯಾಗಿರಲಿಲ್ಲ. ಅಷ್ಟು ಶಕ್ತಿಯ ಔಷಧಿ ಸಂಖ್ಯೆಯನ್ನು ಏರಿಸಿಯೂ ಪ್ರಯೋಜನ ಕಾಣಲಿಲ್ಲ ಎಂದ ಮೇಲೆ, ಹೆಸರಿಲ್ಲದ ಡಬ್ಬಿಯ ಪುಡಿಗೆ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ. ವೈರಸ್ಸನ್ನು ಹತ್ತಿಕ್ಕಿ, ದೇಹ ತಾನಾಗಿ ಕಟ್ಟಿಕೊಳ್ಳುವ ಕಣಗಳೇ ಕೆಲಸಕ್ಕೆ ಬರುವ ಕಣಗಳು. ರಕ್ತದಲ್ಲಿ ಓಡಾಡುವುದು ದೇಹದ ಒಟ್ಟು ಲಿಂಫೋಸೈಟ್‌ಗಳಲ್ಲಿ ಶೇ 2ರಷ್ಟು ಮಾತ್ರ. ಉಳಿದವು ಕರುಳಿನ ಗೋಡೆಯಲ್ಲಿ, ಗ್ರಂಥಿಗಳಲ್ಲಿ ಇರುತ್ತವೆ. ಟ್ಯೂಬಿನ ಸಂಖ್ಯೆ ಅವೆಲ್ಲದರ ಒಂದು ಅಂದಾಜು, ಅಷ್ಟೇ.

ಎರಡನೆಯದರ ಕಥೆ ಇನ್ನೂ ಗಂಭೀರ. ಹಳೆಯ ಮಾತ್ರೆಗಳಿಗೆ ಅಡ್ಡಪರಿಣಾಮ ಜಾಸ್ತಿ ಇತ್ತು. ಹಾಗಾಗಿ ಕೌಂಟ್ 350 ದಾಟಿದರೆ ಮಾತ್ರೆ ನಿಲ್ಲಿಸಿ, 250ಕ್ಕಿಂತ ಇಳಿದಾಗ ಮತ್ತೆ ಕೊಟ್ಟರೆ ಹೇಗೆ ಎಂದು ವೈದ್ಯರೇ ಯೋಚಿಸಿದರು. ‘ಸ್ಮಾರ್ಟ್’ ಎಂಬ ಅಧ್ಯಯನದಲ್ಲಿ 33 ದೇಶಗಳ 5,472 ಜನ ಸೇರಿದ್ದರು. ನಡುವೆ ಮಾತ್ರೆ ಬಿಟ್ಟವರಲ್ಲಿ ಗಂಭೀರ ಸೋಂಕು ಅಥವಾ ಸಾವಿನ ಅಪಾಯ, ಬಿಡದೆ ತೆಗೆದುಕೊಂಡವರಿಗಿಂತ ಎರಡೂವರೆ ಪಟ್ಟು ಹೆಚ್ಚಿತ್ತು. ಹೃದಯ, ಕಿಡ್ನಿ, ಲಿವರ್ ತೊಂದರೆಗಳೂ ಜಾಸ್ತಿಯಾದವು. 2006ರ ಜನವರಿಯಲ್ಲಿ ಹೊಸಬರನ್ನು ಸೇರಿಸುವುದನ್ನೇ ನಿಲ್ಲಿಸಿದರು. ಅಷ್ಟು ನಿಗಾದಲ್ಲಿ, ಆಗಾಗ ರಕ್ತ ನೋಡುತ್ತಾ ಬಿಟ್ಟವರ ಗತಿಯೇ ಹೀಗಾದರೆ, ಯಾರಿಗೂ ಹೇಳದೆ ಮನೆಯಲ್ಲಿ ಮಾತ್ರೆ ಬಿಟ್ಟವರ ಪಾಡೇನು? ‘ಕೌಂಟ್ 600 ಇದೆ, ಮಾತ್ರೆ ಬಿಡಬಹುದಾ ಸರ್?’ ಎಂದು ಕೇಳುವವರಿಗೆ ಕೌನ್ಸೆಲರ್ ‘ಮಾತ್ರೆ ತಗೊಂಡಿದ್ದಕ್ಕೇ 600 ಆಗಿದ್ದು’ ಎನ್ನುತ್ತಾರಲ್ಲ, ಅದರ ಹಿಂದೆ ಇಷ್ಟೆಲ್ಲ ಇದೆ.

200ರಿಂದ ‘ಎಲ್ಲರಿಗೂ’ ತನಕ

ಭಾರತದಲ್ಲಿ ಸರ್ಕಾರಿ ಉಚಿತ ಎಆರ್‌ಟಿ 2004ರ ಏಪ್ರಿಲ್ 1ರಂದು ಶುರುವಾಯಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳು ಮತ್ತು ದೆಹಲಿಯನ್ನು ಮೊದಲು ಆರಿಸಿಕೊಂಡರು. ಕರ್ನಾಟಕ ಆ ಆರರಲ್ಲಿ ಒಂದು. ಆಗ ಮಾತ್ರೆ ಕಡಿಮೆ, ಬೇಕಾದವರು ಜಾಸ್ತಿ. ಯಾರಿಗೆ ಕೊಡಬೇಕು ಎಂದು ತೀರ್ಮಾನಿಸುತ್ತಿದ್ದುದು ಮುಖ್ಯವಾಗಿ ಸಿಡಿ4. 200ಕ್ಕಿಂತ ಕೆಳಗಿದ್ದರೆ ಮಾತ್ರೆ, ಇಲ್ಲವಾದರೆ ಆರು ತಿಂಗಳು ಬಿಟ್ಟು ಬನ್ನಿ. ಬೆಳಗಾವಿ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಸೋಂಕು ದಟ್ಟವಾಗಿದ್ದ ಕಾಲ ಅದು. 230 ಇದೆ ಎಂದು ಬರಿಗೈಲಿ ವಾಪಸ್ ಹೋದವರಲ್ಲಿ ಎಲ್ಲರೂ ಮತ್ತೆ ಬರಲಿಲ್ಲ.

ಆಮೇಲೆ ಆ ಗೆರೆ ಮೇಲೇರುತ್ತಾ ಹೋಯಿತು. 350 ಆಯಿತು, 500 ಆಯಿತು. 2011ರಲ್ಲಿ ಎಚ್‌ಪಿಟಿಎನ್ 052 ಅಧ್ಯಯನ ಬೇಗ ಚಿಕಿತ್ಸೆ ಶುರು ಮಾಡಿದರೆ ಸಂಗಾತಿಗೆ ಸೋಂಕು ಹರಡುವುದು ಶೇ 96ರಷ್ಟು ಕಡಿಮೆಯಾಗುತ್ತದೆ ಎಂದು ತೋರಿಸಿತು. 2015ರಲ್ಲಿ ‘ಸ್ಟಾರ್ಟ್’ ಅಧ್ಯಯನ 35 ದೇಶಗಳ 4,685 ಜನರಲ್ಲಿ ಕೊನೆಯ ಅನುಮಾನವನ್ನೂ ಬಗೆಹರಿಸಿತು. 500ಕ್ಕಿಂತ ಹೆಚ್ಚಿದ್ದಾಗಲೇ ಮಾತ್ರೆ ಶುರು ಮಾಡಿದವರಲ್ಲಿ ಗಂಭೀರ ಕಾಯಿಲೆ ಮತ್ತು ಸಾವು, 350ಕ್ಕೆ ಇಳಿಯಲಿ ಎಂದು ಕಾದವರಿಗಿಂತ ಅರ್ಧಕ್ಕೂ ಕಡಿಮೆ ಇತ್ತು. ಗೆರೆಯೇ ಅಳಿಸಿಹೋಯಿತು.

ಅದೇ ಹೊತ್ತಿಗೆ ನಿಗಾ ಇಡುವ ಕೆಲಸವೂ ಸಿಡಿ4 ಕೈಯಿಂದ ಜಾರಿತು. ಮಾತ್ರೆ ಸೋತರೆ ಮೊದಲು ವೈರಸ್ ಏರುತ್ತದೆ, ಸಿಡಿ4 ಇಳಿಯುವುದು ಎಷ್ಟೋ ತಿಂಗಳ ಮೇಲೆ. ಸಿಡಿ4 ಇಳಿಯುವ ತನಕ ಕಾದರೆ ಅಷ್ಟರಲ್ಲಿ ವೈರಸ್ ಔಷಧಿಗೆ ಬಗ್ಗದಂತೆ ಬದಲಾಗಿರುತ್ತದೆ. ಇನ್ನೊಂದು ಕಡೆ, ವೈರಸ್ ಪೂರ್ತಿ ಹತೋಟಿಯಲ್ಲಿದ್ದರೂ ಸಿಡಿ4 ಏರದವರೂ ಇದ್ದಾರೆ. ಬರೀ ಸಿಡಿ4 ನೋಡಿ ಅವರ ಮಾತ್ರೆ ಬದಲಾಯಿಸಿದರೆ ಚೆನ್ನಾಗಿ ಕೆಲಸ ಮಾಡುವ ಔಷಧಿಯನ್ನು ಸುಮ್ನೆ ಕಳೆದುಕೊಂಡಂತೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವೈರಲ್ ಲೋಡ್‌ಗೆ ಮೊದಲ ಸ್ಥಾನ ಕೊಟ್ಟಿತು. ಭಾರತ 2018ರಲ್ಲಿ ಚಿಕಿತ್ಸೆಯಲ್ಲಿರುವ ಎಲ್ಲರಿಗೂ ವೈರಲ್ ಲೋಡ್ ಪರೀಕ್ಷೆ ಎಂದು ಘೋಷಿಸಿತು. ಇದೆಲ್ಲ ಆಗಬೇಕಾದದ್ದೇ.

ತಡವಾಗಿ ಬರುವವರು

ತೊಡಕು ಇರುವುದು ಇಲ್ಲಿ. ಎಲ್ಲರಿಗೂ ಚಿಕಿತ್ಸೆ ಎಂಬ ನಿಯಮ ಬಂದ ಮಾತ್ರಕ್ಕೆ ಎಲ್ಲರೂ ಬೇಗ ಬರುವುದಿಲ್ಲ. ಹೊಸದಾಗಿ ಸೋಂಕು ಗೊತ್ತಾಗುವವರಲ್ಲಿ ಇವತ್ತಿಗೂ ಸಾಕಷ್ಟು ಜನರ ಕೌಂಟ್ 200ಕ್ಕಿಂತ ಕೆಳಗಿರುತ್ತದೆ. ಜೊತೆಗೆ ಮಾತ್ರೆ ಶುರು ಮಾಡಿ, ನಡುವೆ ಬಿಟ್ಟು, ಒಂದೆರಡು ವರ್ಷದ ಮೇಲೆ ಸೊರಗಿ ಮರಳುವವರೂ ಇದ್ದಾರೆ. ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮವಾದ ಯುಎನ್‌ಏಡ್ಸ್ ಅಂದಾಜಿನಂತೆ 2024ರಲ್ಲಿ ಪ್ರಪಂಚದಲ್ಲಿ 6.3 ಲಕ್ಷ ಜನ ಏಡ್ಸ್‌ಗೆ ಸಂಬಂಧಿಸಿದ ಕಾಯಿಲೆಗಳಿಂದ ಸತ್ತರು. ಮಾತ್ರೆ ಅಗ್ಗವಾಗಿದೆ, ಒಳ್ಳೆಯದಿದೆ, ದಿನಕ್ಕೆ ಒಂದೇ ಸಾಕು. ಆದರೂ ಇಷ್ಟು ಸಾವು.

ಕಾರಣ ಏನು? ಮಾತ್ರೆ ವೈರಸ್ಸನ್ನು ಕೆಲವೇ ವಾರಗಳಲ್ಲಿ ಹತ್ತಿಕ್ಕುತ್ತದೆ. ಆದರೆ ಒಡೆದ ಏರಿಯನ್ನು ಕಟ್ಟಿದ ದಿನವೇ ಕೆರೆ ತುಂಬುವುದಿಲ್ಲ ಅಲ್ವಾ? ಸಿಡಿ4 60 ಇದ್ದವರಿಗೆ 200 ದಾಟಲು ತಿಂಗಳುಗಳೇ ಬೇಕು, ಕೆಲವರಿಗೆ ವರ್ಷಗಳು. ಆ ನಡುವಿನ ಕಾಲದಲ್ಲಿ ಕ್ಷಯ, ಮೆದುಳಿನ ಫಂಗಸ್, ನ್ಯುಮೋನಿಯಾ ಬಂದು ಎಳೆದುಕೊಂಡು ಹೋಗುತ್ತವೆ.

ಯಾವ ಕಾಯಿಲೆ ಯಾವ ಮಟ್ಟದಲ್ಲಿ ಬರುತ್ತದೆ ಎನ್ನುವುದು ಇಷ್ಟು ವರ್ಷಗಳ ಅನುಭವದಿಂದ ಚೆನ್ನಾಗಿ ಗೊತ್ತಿದೆ. ಕ್ಷಯಕ್ಕೆ ಮಟ್ಟವೇ ಇಲ್ಲ, ಯಾವ ಕೌಂಟ್‌ನಲ್ಲೂ ಬರಬಹುದು, ಇಳಿದಷ್ಟೂ ಜಾಸ್ತಿ. 200ಕ್ಕಿಂತ ಕೆಳಗೆ ಹೋದರೆ 1981ರಲ್ಲಿ ಕಂಡ ಅದೇ ನ್ಯುಮೋಸಿಸ್ಟಿಸ್ ನ್ಯುಮೋನಿಯಾ. 100ಕ್ಕಿಂತ ಕೆಳಗೆ ಮೆದುಳಿಗೆ ಬೀಳುವ ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ ಮತ್ತು ಕ್ರಿಪ್ಟೋಕಾಕಸ್ ಎಂಬ ಫಂಗಸ್. 50ಕ್ಕಿಂತ ಕೆಳಗೆ ಕಣ್ಣು ಕಳೆಯುವ ಸಿಎಂವಿ ವೈರಸ್.

‘ಅಷ್ಟು ಕೆಳಗಿದ್ದರೆ ನೋಡಿದ ಕೂಡಲೇ ಗೊತ್ತಾಗುತ್ತದಲ್ಲ, ಪರೀಕ್ಷೆ ಯಾಕೆ?’ ಎಂದು ಕೇಳಬಹುದು. ಗೊತ್ತಾಗುವುದಿಲ್ಲ. ಉಗಾಂಡ, ಜಿಂಬಾಬ್ವೆ, ಮಲಾವಿ, ಕೀನ್ಯಾಗಳಲ್ಲಿ ನಡೆದ ‘ರಿಯಾಲಿಟಿ’ ಅಧ್ಯಯನದಲ್ಲಿ 1,805 ಜನ ಇದ್ದರು, ಎಲ್ಲರ ಕೌಂಟ್ 100ಕ್ಕಿಂತ ಕಡಿಮೆ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಕಾಯಿಲೆಯ ಲಕ್ಷಣವೇ ಇರಲಿಲ್ಲ, ಇದ್ದರೂ ಅಲ್ಪಸ್ವಲ್ಪ. ನಡೆದುಕೊಂಡು ಬಂದವರು, ಮನೆಗೆಲಸ ಮಾಡಿಕೊಂಡಿದ್ದವರು. ಕಣ್ಣಳತೆಯಲ್ಲಿ ಅವರನ್ನು ‘ಆರೋಗ್ಯವಾಗಿದ್ದಾರೆ’ ಎಂದು ಬರೆದು, ಮಾತ್ರೆ ಕೊಟ್ಟು, ಒಂದು ತಿಂಗಳು ಬಿಟ್ಟು ಬನ್ನಿ ಎಂದು ಕಳಿಸಿಬಿಡುತ್ತಿದ್ದರು. ಅದೇ ಅಧ್ಯಯನದಲ್ಲಿ ಎಆರ್‌ಟಿ ಜೊತೆಗೆ ಮೊದಲ ವಾರಗಳಲ್ಲಿ ಕ್ಷಯ, ಫಂಗಸ್, ಬ್ಯಾಕ್ಟೀರಿಯಾ ತಡೆಯುವ ಔಷಧಿಗಳ ಒಂದು ಕಟ್ಟು ಕೊಟ್ಟಾಗ 24 ವಾರಗಳಲ್ಲಿ ಸಾವು ಶೇ 12.2ರಿಂದ ಶೇ 8.9ಕ್ಕೆ ಇಳಿಯಿತು. ಎಲ್ಲ ಸಾಮಾನ್ಯ ಔಷಧಿಗಳೇ. ಯಾರಿಗೆ ಕೊಡಬೇಕು ಎಂದು ತಿಳಿಯಲು ಬೇಕಿದ್ದದ್ದು ಒಂದು ಸಿಡಿ4 ಕೌಂಟ್.

ಕ್ರಿಪ್ಟೋಕಾಕಸ್ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಈ ಫಂಗಸ್ ಮೆದುಳಿನ ಪೊರೆ ಹೊಕ್ಕಿದ ಮೇಲೆ ಉಳಿಸುವುದು ಕಷ್ಟ. ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಇಂಥ ರೋಗಿಗಳು ಬರುವ ಹೊತ್ತಿಗೆ ತಲೆನೋವು ವಾರಗಟ್ಟಲೆ ಹಳೆಯದಾಗಿರುತ್ತದೆ. ಆದರೆ ತಲೆನೋವು ಶುರುವಾಗುವುದಕ್ಕೆ ಕೆಲವು ವಾರ ಮೊದಲೇ ಫಂಗಸ್‌ನ ಚೂರುಗಳು ರಕ್ತದಲ್ಲಿ ಸಿಗುತ್ತವೆ. ಬೆರಳಿನ ಒಂದು ಹನಿ ರಕ್ತ, ಪರೀಕ್ಷೆಯ ಒಂದು ಪಟ್ಟಿ (ಸ್ಟ್ರಿಪ್), ಹತ್ತು ನಿಮಿಷ. ಸಿಕ್ಕಿದರೆ, ಮೆದುಳಿಗೆ ಹೋಗಿಲ್ಲ ಎಂದು ಖಚಿತ ಮಾಡಿಕೊಂಡು ಫ್ಲುಕೊನಜೋಲ್ ಮಾತ್ರೆ ಶುರು ಮಾಡಬಹುದು. ಈ ಪಟ್ಟಿ ಪರೀಕ್ಷೆಯನ್ನು ಎಲ್ಲರಿಗೂ ಮಾಡುವುದಿಲ್ಲ. ಸಿಡಿ4 100ಕ್ಕಿಂತ ಕೆಳಗಿದ್ದರೆ ಮಾಡಲೇಬೇಕು, 200ಕ್ಕಿಂತ ಕೆಳಗಿದ್ದರೂ ಮಾಡುವುದು ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಿಡಿ4 ಮಾಡಿಸದಿದ್ದರೆ ಪಟ್ಟಿ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಇನ್ನೂ ಒಂದು ಮಾತು ಇದೆ, ಇದು ಹೊಸ ನಿಯಮಕ್ಕೇ ಎದುರಾಗಿ ನಿಲ್ಲುವಂಥದ್ದು. ಕ್ರಿಪ್ಟೋಕಾಕಸ್ ಮೆದುಳಿಗೆ ಹೋಗಿದ್ದರೆ ಎಚ್‌ಐವಿ ಮಾತ್ರೆಯನ್ನು ತಕ್ಷಣ ಶುರು ಮಾಡಬಾರದು, ನಾಲ್ಕರಿಂದ ಆರು ವಾರ ತಡೆಯಬೇಕು. ಮೆದುಳಿನ ಕ್ಷಯದಲ್ಲೂ ಹೀಗೇ ಕಾಯಬೇಕು. ಬೇಗ ಶುರು ಮಾಡಿದರೆ ಚೇತರಿಸಿಕೊಂಡ ರಕ್ಷಣಾ ಕಣಗಳು ಒಮ್ಮೆಲೇ ಅಡಗಿದ ರೋಗಾಣುವಿನ ಮೇಲೆ ಬಿದ್ದು ಮೆದುಳು ಊದಿಕೊಳ್ಳುತ್ತದೆ, ಜೀವಕ್ಕೇ ಸಂಚಕಾರ. ‘ಗೊತ್ತಾದ ದಿನವೇ ಮಾತ್ರೆ’ ಎಂಬ ಆತುರದಲ್ಲಿ ಯಾರ ಬಳಿ ಒಂದು ಕ್ಷಣ ನಿಂತು ‘ತಲೆನೋವಿದೆಯಾ? ಕೆಮ್ಮು, ಜ್ವರ, ತೂಕ ಇಳಿದಿದೆಯಾ?’ ಎಂದು ಕೆದಕಿ ಕೇಳಬೇಕು ಎಂದು ತೋರಿಸುವುದೂ ಸಿಡಿ4.

ಯಂತ್ರ ಊರಿಗೆ ಬಂದರೆ

ದೊಡ್ಡ ಫ್ಲೋ ಸೈಟೋಮೀಟರ್‌ಗೆ ಎಸಿ ಕೋಣೆ, ನಿಲ್ಲದ ಕರೆಂಟ್, ಕಲಿತ ಟೆಕ್ನಿಷಿಯನ್ ಬೇಕು. ಹಾಗಾಗಿ ಚಿಕ್ಕ ಯಂತ್ರಗಳು ಬಂದವು. ಪೀಮಾ ಎಂಬ ಯಂತ್ರಕ್ಕೆ ಬೆರಳಿನ ರಕ್ತ ಸಾಕು, ಸುಮಾರು 20 ನಿಮಿಷಕ್ಕೆ ಸಂಖ್ಯೆ ಕೊಡುತ್ತದೆ. ಮೊಜಾಂಬಿಕ್‌ನ ಪ್ರಾಥಮಿಕ ಕ್ಲಿನಿಕ್‌ಗಳಲ್ಲಿ ಇಂಥ ಯಂತ್ರ ಇಟ್ಟಾಗ ಏನಾಯಿತು ಎಂದು 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವರದಿ ಹೇಳುತ್ತದೆ. ಅದಕ್ಕೂ ಮುಂಚೆ ಮಾತ್ರೆ ಶುರುವಾಗುವ ಮೊದಲೇ ಕೈಬಿಟ್ಟು ಹೋಗುತ್ತಿದ್ದವರು ಶೇ 64. ಯಂತ್ರ ಬಂದ ಮೇಲೆ ಶೇ 33. ಹೊಸ ಔಷಧಿ ಏನೂ ಬಂದಿರಲಿಲ್ಲ, ಬಂದದ್ದು ಅದೇ ದಿನ ಸಿಗುವ ರಿಪೋರ್ಟ್.

ವಿಸಿಟೆಕ್ಟ್ ಎಂಬ ಪಟ್ಟಿಗೆ ಯಂತ್ರವೇ ಬೇಡ. ಅದು ಸಂಖ್ಯೆ ಹೇಳುವುದಿಲ್ಲ, 200ಕ್ಕಿಂತ ಮೇಲೋ ಕೆಳಗೋ ಎಂದಷ್ಟೇ ಗೆರೆಯಲ್ಲಿ ತೋರಿಸುತ್ತದೆ. ಸುಮಾರು 40 ನಿಮಿಷ ಹಿಡಿಯುತ್ತದೆ. ತಡವಾಗಿ ಬಂದವರನ್ನು ಗುರುತಿಸಲು ಇಷ್ಟು ಸಾಕು. ಆದರೆ ಇಂಥ ಕಿಟ್‌ಗಳ ಮಾರುಕಟ್ಟೆ ಚಿಕ್ಕದು. ವೈರಲ್ ಲೋಡ್ ಕಡೆ ಗಮನ ಹೋದ ಮೇಲೆ ಇನ್ನೂ ಚಿಕ್ಕದಾಗಿದೆ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಆಫ್ರಿಕಾದ ಎಷ್ಟೋ ಎಚ್‌ಐವಿ ಕಾರ್ಯಕ್ರಮಗಳು ಅಲುಗಾಡಿಹೋದವು. ಹಣ ಕಡಿಮೆಯಾದಾಗ ಮಾತ್ರೆ ಉಳಿಸಿಕೊಳ್ಳಲು ಮೊದಲು ಕತ್ತರಿ ಬೀಳುವುದು ಲ್ಯಾಬ್‌ಗೆ. ಭಾರತದ ಪರಿಸ್ಥಿತಿ ಈ ವಿಷಯದಲ್ಲಿ ಬೇರೆ. ನಮ್ಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಐದನೇ ಹಂತವನ್ನು (2021–26) ಕೇಂದ್ರ ಸರ್ಕಾರ 15,471.94 ಕೋಟಿ ರೂಪಾಯಿಯ ತನ್ನದೇ ಯೋಜನೆಯಾಗಿ ಮಾಡಿಕೊಂಡಿತು. ಹಣ ಇಲ್ಲ ಎಂಬ ನೆಪ ನಮಗೆ ಅಷ್ಟು ಸುಲಭವಾಗಿ ಒದಗುವುದಿಲ್ಲ.

ದೇಶದಲ್ಲಿ ಎಚ್‌ಐವಿ ಜೊತೆ ಬದುಕುವವರು 25 ಲಕ್ಷಕ್ಕೂ ಹೆಚ್ಚು. ಮಹಾರಾಷ್ಟ್ರ, ಆಂಧ್ರದ ಜೊತೆ ಕರ್ನಾಟಕವೂ ಅತಿ ಹೆಚ್ಚು ಜನ ಇರುವ ರಾಜ್ಯಗಳ ಸಾಲಿನಲ್ಲಿದೆ. ಎಆರ್‌ಟಿ ಸೆಂಟರ್‌ಗಳಲ್ಲಿ ಸಿಡಿ4, ವೈರಲ್ ಲೋಡ್ ಎರಡೂ ಉಚಿತ. ಹೊಸದಾಗಿ ಸೇರುವಾಗ ಸಿಡಿ4 ಮಾಡಬೇಕು ಎಂದು ನಮ್ಮ ರಾಷ್ಟ್ರೀಯ ಮಾರ್ಗಸೂಚಿಯೂ ಹೇಳುತ್ತದೆ. 350ಕ್ಕಿಂತ ಕೆಳಗಿದ್ದರೆ ಸೋಂಕು ತಡೆಯುವ ಕೋಟ್ರೈಮಾಕ್ಸಜೋಲ್ ಮಾತ್ರೆಯನ್ನೂ ಕೊಡುತ್ತಾರೆ. ಕೌಂಟ್ 350 ದಾಟಿ, ವೈರಲ್ ಲೋಡ್ ಹತೋಟಿಗೆ ಬಂದ ಮೇಲೆ ಪದೇ ಪದೇ ಸಿಡಿ4 ಬೇಕಿಲ್ಲ. ಆಗ ವೈರಲ್ ಲೋಡ್ ಒಂದೇ ಸಾಕು. ಹೀಗೆ ಚೆನ್ನಾಗಿರುವವರು ‘ನನಗೆ ಕೌಂಟ್ ಮಾಡ್ತಿಲ್ಲ, ಸೆಂಟರ್‌ನವರು ಅಸಡ್ಡೆ ಮಾಡ್ತಿದ್ದಾರೆ’ ಎಂದು ಬೇಜಾರು ಮಾಡಿಕೊಂಡು ಖಾಸಗಿ ಲ್ಯಾಬ್‌ಗೆ ದುಡ್ಡು ಕೊಡುವುದುಂಟು. ಬೇಕಿಲ್ಲ. ಕೌಂಟ್ ನಿಲ್ಲಿಸಿದ್ದಾರೆ ಎಂದರೆ ನೀವು ಆ ಅಪಾಯ ದಾಟಿದ್ದೀರಿ ಎಂದೇ ಅರ್ಥ.

ನನಗೆ ಹೆಚ್ಚು ಚಿಂತೆ ಇರುವುದು ಇನ್ನೊಂದು ಗುಂಪಿನ ಬಗ್ಗೆ, ಮಾತ್ರೆ ಬಿಟ್ಟು ಮರಳಿ ಬರುವವರ ಬಗ್ಗೆ. ಹೊಸಬರಿಗೆ ಒಂದು ಕ್ರಮ ಇದೆ, ಫಾರಂ ಇದೆ, ಪರೀಕ್ಷೆಗಳ ಪಟ್ಟಿ ಇದೆ. ಮರಳಿ ಬಂದವರ ಕಡತ ಹಳೆಯದು. ಅದರಲ್ಲಿ ಹಳೆಯ ಕೌಂಟ್ ಇರುತ್ತದೆ, 480 ಎಂದೋ 520 ಎಂದೋ. ಅದನ್ನು ನೋಡಿ ಹಳೆಯ ಮಾತ್ರೆಯನ್ನೇ ಮತ್ತೆ ಕೊಟ್ಟು, ನಾಲ್ಕು ಮಾತು ಬೈದು ಕಳಿಸಿಬಿಡುವುದು ಸುಲಭ. ಎರಡು ವರ್ಷ ಮಾತ್ರೆ ಬಿಟ್ಟವರ ಕೌಂಟ್ ಈಗ 90 ಇರಬಹುದು. ಅವರಿಗೆ ಆ ದಿನವೇ ಹೊಸ ಸಿಡಿ4 ಬೇಕು. ಕೆಳಗಿದ್ದರೆ ಕ್ಷಯದ ತಪಾಸಣೆ, ಫಂಗಸ್ ಪಟ್ಟಿ, ಕೋಟ್ರೈಮಾಕ್ಸಜೋಲ್ ಎಲ್ಲವೂ ಬೇಕು, ಹೊಸಬರಿಗೆ ಮಾಡಿದ ಹಾಗೇ. ಬೈಗುಳ ತಿಂದವರು ಮುಂದಿನ ಸಲ ಬರುವುದಿಲ್ಲ ಎನ್ನುವುದು ಅಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು.

ನೀವೇ ಹಾಗೆ ಬಿಟ್ಟು ಮರಳಿದವರಾಗಿದ್ದರೆ, ಅಥವಾ ನಿಮ್ಮ ಮನೆಯವರು ಯಾರಾದರೂ ಇದ್ದರೆ, ಎಷ್ಟು ದಿನ ಬಿಟ್ಟಿದ್ದಿರಿ ಎಂದು ಮುಚ್ಚಿಡದೆ ಹೇಳಿ. ಜ್ವರ, ಕೆಮ್ಮು, ತಲೆನೋವು ಇದ್ದರೆ ಅದನ್ನೂ ಹೇಳಿ. ‘ಡಾಕ್ಟ್ರೇ, ಇವತ್ತು ಸಿಡಿ4ಗೂ ರಕ್ತ ತಗೊಳ್ತೀರಾ?’ ಎಂದು ಬಾಯಿಬಿಟ್ಟು ಕೇಳಿ. ಕೆಲವು ವಿನಾಯಿತಿ ಬಿಟ್ಟರೆ ನಿಮ್ಮ ಒಪ್ಪಿಗೆ ಇಲ್ಲದೆ ಆ ರಿಪೋರ್ಟ್ ಯಾರಿಗೂ ತೋರಿಸುವಂತಿಲ್ಲ ಎಂದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಹೇಳುತ್ತದೆ. ಹತ್ತಿರದ ಸೆಂಟರ್ ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ 1097ಕ್ಕೆ ಕರೆ ಮಾಡಿ, ಕರೆಗೆ ದುಡ್ಡಿಲ್ಲ.